ನೀರಂಚಿನ ನೀಲಿಬಾಲ

ಅಂಧೇರಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಲೋಕಲ್ ರೈಲಿನ ನೂಕುನುಗ್ಗಲು, ತಲೆಯ ಮೇಲೆ ಹಾಯುವ ಮೆಟ್ರೋ, ಕಾರ್ಖಾನೆಗಳು, ಚಲನಚಿತ್ರ ಸ್ಟುಡಿಯೋಗಳು ಮತ್ತು ಮುಗಿಲೆತ್ತರದ ವಸತಿ ಕಟ್ಟಡಗಳು. ಒಂದು ಜಲಕೀಟದ ಪರಿಚಯಕ್ಕೆ ಮುಂಬಯಿಯ ಈ ಉಪನಗರವನ್ನು ಆರಿಸಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಊರು ನಿಂತಿರುವುದು ಸಾಷ್ಟಿ ದ್ವೀಪದ ನೆಲದ ಮೇಲೆ. ಒಂದು ಕಾಲಕ್ಕೆ ಅಲ್ಲಿಯ ಮುಖ್ಯ ಬೆಳೆ ಭತ್ತ. ಇಂದಿಗೂ ಈಶಾನ್ಯಕ್ಕೆ ಆರೆ ಕಾಲೊನಿಯ ಗುಡ್ಡಗಳೂ ಅವುಗಳಾಚೆಗೆ ವಿಹಾರ್ ಮತ್ತು ಪವಾಯಿ ಕೆರೆಗಳೂ ಇವೆ. ಪಶ್ಚಿಮಕ್ಕೆ ವರ್ಸೋವಾದ ಕಡಲು, ಖಾರಿಯ ದಂಡೆಯ ಕಾಂಡ್ಲಾವನ, ಲೋಖಂಡವಾಲಾ ಬಡಾವಣೆಯ ಹಿಂಬದಿಯ ಕೆರೆ ಇವೆ. ಮೀಠಿ ನದಿ ಮರೋಳದ ಬದಿಯಲ್ಲಿ ಹರಿದು ಹೋಗುತ್ತದೆ. ಕಟ್ಟಡಗಳ ಸಂದಿಯಲ್ಲಿ ಮಳೆಗಾಲದ ಹೊಂಡಗಳಿಗೂ ಕೊರತೆಯಿಲ್ಲ.

ಈ ನೀರಂಚುಗಳಲ್ಲಿ, ಮೊಣಕಾಲೆತ್ತರದ ಹುಲ್ಲಿನ ನಡುವೆ, ಗುಂಡುಸೂಜಿಯಷ್ಟು ಉದ್ದದ ಒಂದು ಕೀಟ ವಾಸಿಸುತ್ತದೆ. ಅದರ ಮೈ ಕಪ್ಪು ಮತ್ತು ಹಸಿರು. ಬಾಲದ ತುದಿಯಲ್ಲಿ ಮಾತ್ರ ಒಂದು ಹನಿ ನೀಲಿ, ಹಚ್ಚಿಟ್ಟ ದೀಪದಂತೆ. ಹುಲ್ಲಿನ ಎಸಳುಗಳ ನಡುವೆ ಅದು ಹಾರುವಾಗ ಮೈ ಕಾಣುವುದಿಲ್ಲ. ನೀಲಿ ಚುಕ್ಕೆಯೊಂದು ತಾನಾಗಿಯೇ ತೇಲಿದಂತೆ ತೋರುತ್ತದೆ. ಅಂಧೇರಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಮಂದಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಬಂದವರು. ಊರಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದಾಡಿದ ಅವರು ಈ ಕೀಟವನ್ನೋ ಇದರ ಹತ್ತಿರದ ಬಂಧುಗಳನ್ನೋ ನೋಡಿಯೇ ಇರುತ್ತಾರೆ. ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೇ.

ಹೆಸರಿನ ವಿಚಾರ

ನಮ್ಮ ಮಕ್ಕಳು ಬಾಲಕ್ಕೆ ದಾರ ಕಟ್ಟಿ ಹಾರಿಸುವ ಕೀಟವನ್ನು ಕನ್ನಡನಾಡಿನ ಹಲವೆಡೆ ಏರೋಪ್ಲೇನ್ ಚಿಟ್ಟೆ ಎಂದೂ ಹೆಲಿಕಾಪ್ಟರ್ ಚಿಟ್ಟೆ ಎಂದೂ ಕರೆಯುತ್ತಾರೆ. ಚಿಟ್ಟೆಯೆಂದು ಕರೆದರೂ ಇವು ಚಿಟ್ಟೆಗಳಲ್ಲ. ಇವು ಓಡೊನೇಟ ಎಂಬ ಗಣಕ್ಕೆ ಸೇರಿದ ಕೀಟಗಳು. ಗ್ರೀಕ್ ಭಾಷೆಯಲ್ಲಿ ಹಲ್ಲು ಎಂಬ ಅರ್ಥದ ಪದದಿಂದ ಈ ಹೆಸರು ಬಂದಿದೆ. ಗಣದಲ್ಲಿ ಎರಡು ದೊಡ್ಡ ಗುಂಪುಗಳಿವೆ. ಮೊದಲನೆಯದು ದಪ್ಪ ಮೈಯ, ರಭಸದಿಂದ ಹಾರುವ ಏರೋಪ್ಲೇನ್ ಚಿಟ್ಟೆಗಳದು. ಎರಡನೆಯದು ತೆಳು ಮೈಯ, ನಿಧಾನವಾಗಿ ಹಾರುವ ಡ್ಯಾಮ್ಸೆಲ್‌ಫ್ಲೈಗಳದು. ಈ ಎರಡನೆಯ ಗುಂಪಿಗೆ ಕನ್ನಡದಲ್ಲಿ ಎಲ್ಲೆಡೆ ರೂಢಿಯಲ್ಲಿರುವ ಪ್ರತ್ಯೇಕ ಹೆಸರು ಇಲ್ಲದಿರುವುದರಿಂದ ಇಂಗ್ಲಿಷಿನ ಪದವನ್ನೇ ಇಲ್ಲಿ ಬಳಸಲಾಗಿದೆ. ಈ ವಿಷಯದಲ್ಲಿ ಮರಾಠಿಗರು ನಮಗಿಂತ ಮುಂದಿದ್ದಾರೆಂದು ಒಪ್ಪಬೇಕು. ಅವರು ಮೊದಲ ಗುಂಪನ್ನು ಚತುರ ಎನ್ನುತ್ತಾರೆ, ಎರಡನೆಯದನ್ನು ಟಾಚಣಿ ಎನ್ನುತ್ತಾರೆ. ಟಾಚಣಿ ಎಂದರೆ ಗುಂಡುಸೂಜಿ. ಉರುಟಾದ ತಲೆ, ಅದರ ಹಿಂದೆ ತೆಳ್ಳನೆಯ ನೇರ ಮೈ ಇರುವ ಈ ಜೀವಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಎರಡು ಗುಂಪುಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಏರೋಪ್ಲೇನ್ ಚಿಟ್ಟೆ ಕುಳಿತಾಗ ರೆಕ್ಕೆಗಳನ್ನು ವಿಮಾನದ ರೆಕ್ಕೆಗಳಂತೆ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಡ್ಯಾಮ್ಸೆಲ್‌ಫ್ಲೈಗಳಲ್ಲಿ ಹೆಚ್ಚಿನವು ಕೈಮುಗಿದಂತೆ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುತ್ತವೆ. ಏರೋಪ್ಲೇನ್ ಚಿಟ್ಟೆಗಳಲ್ಲಿ ಬಹುಪಾಲಿನವುಗಳ ಕಣ್ಣುಗಳು ನೆತ್ತಿಯಲ್ಲಿ ಒಂದನ್ನೊಂದು ಮುಟ್ಟುತ್ತವೆ. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳಾದರೋ ತಲೆಯ ಎರಡು ತುದಿಗಳಲ್ಲಿ ದೂರದೂರವಿರುತ್ತವೆ. ಜಗತ್ತಿನಲ್ಲಿ ಈ ಗಣದ 6,000ಕ್ಕೂ ಹೆಚ್ಚು ಪ್ರಭೇದಗಳು ತಿಳಿದಿವೆ. ಭಾರತದಲ್ಲಿ ಸುಮಾರು 500, ಮಹಾರಾಷ್ಟ್ರದಲ್ಲಿ 130ಕ್ಕೂ ಮಿಗಿಲು ಪ್ರಭೇದಗಳು ದಾಖಲಾಗಿವೆ.

ನಮ್ಮ ಕಥಾನಾಯಕನ ವೈಜ್ಞಾನಿಕ ಹೆಸರು ಇಶ್ನೂರ ಸೆನೆಗಲೆನ್ಸಿಸ್. ಗ್ರೀಕಿನಲ್ಲಿ ಇಶ್ನೂರ ಎಂದರೆ ಕೃಶವಾದ ಬಾಲವುಳ್ಳದ್ದು. ಫ್ರಾನ್ಸಿನ ಕೀಟವಿಜ್ಞಾನಿ ರಾಂಬ್ಯೂರ್ 1842ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿದಾಗ ಆಫ್ರಿಕದ ಸೆನೆಗಲ್ ದೇಶದ ಹೆಸರನ್ನು ಇದಕ್ಕಿಟ್ಟನು. ವಾಸ್ತವವಾಗಿ ಇದರ ಹರವು ಆಫ್ರಿಕದಿಂದ ಅರೇಬಿಯ, ಭಾರತ ಮತ್ತು ಆಗ್ನೇಯ ಏಷ್ಯಗಳನ್ನು ದಾಟಿ ಜಪಾನಿನವರೆಗೆ ಹಬ್ಬಿದೆ. ಭಾರತದ ಇಂಗ್ಲಿಷ್ ಕೈಪಿಡಿಗಳು ಇದನ್ನು ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್ ಎನ್ನುತ್ತವೆ. ಇದರ ಮೈಯಲ್ಲಿ ಹೊನ್ನಿನ ಬಣ್ಣ ಎದ್ದು ಕಾಣುವುದಿಲ್ಲವಾದ್ದರಿಂದ ಈ ಹೆಸರು ದಾರಿತಪ್ಪಿಸುವಂಥದು. ಆಫ್ರಿಕದಲ್ಲಿ ಬಳಕೆಯಲ್ಲಿರುವ ಬ್ಲೂಟೈಲ್ ಎಂಬ ಹೆಸರೇ ಮೇಲು. ಅದನ್ನೇ ಕನ್ನಡಿಸಿ ಈ ಲೇಖನದಲ್ಲಿ ನೀಲಿಬಾಲ ಎಂದು ಕರೆಯಲಾಗಿದೆ.

ಈ ಗಣದ ಅಧ್ಯಯನದಲ್ಲಿ ಮುಂಬಯಿಗೆ ಒಂದು ಸ್ಥಾನವಿದೆಯೆಂಬುದನ್ನೂ ಇಲ್ಲಿ ಹೇಳಬೇಕು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಎಫ್. ಸಿ. ಫ್ರೇಸರ್ ಎಂಬ ಸೇನಾ ವೈದ್ಯರು ಭಾರತದ ಏರೋಪ್ಲೇನ್ ಚಿಟ್ಟೆಗಳ ಬಗೆಗೆ ದೀರ್ಘ ಲೇಖನಮಾಲೆಯನ್ನು ಬರೆದರು. ಅವರ ಮೂರು ಸಂಪುಟಗಳ ಗ್ರಂಥ 1933ರಿಂದ 1936ರ ಅವಧಿಯಲ್ಲಿ ಪ್ರಕಟವಾಯಿತು. ಇಂದಿಗೂ ಸಂಶೋಧಕರು ಮೊದಲು ಬಿಡಿಸುವ ಪುಸ್ತಕ ಅದು. ಸಾಮಾನ್ಯ ಓದುಗರಿಗೆ ನಿಲುಕುವಂಥ ಕೈಪಿಡಿ ಬರಲು ಮಾತ್ರ ಬಹುಕಾಲ ಹಿಡಿಯಿತು. ಕೆ. ಎ. ಸುಬ್ರಮಣಿಯನ್ ಅವರ ಪರ್ಯಾಯದ್ವೀಪ ಭಾರತದ ಕೈಪಿಡಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2005ರಲ್ಲಿ ಹೊರತಂದಿತು.

ರೂಪ

ಗಂಡು ನೀಲಿಬಾಲದ ಒಟ್ಟು ಉದ್ದ ಸುಮಾರು 3 ಸೆಂಟಿಮೀಟರ್. ಅದರಲ್ಲಿ ಹೆಚ್ಚುಕಡಿಮೆ 2 ಸೆಂಟಿಮೀಟರಿನಷ್ಟು ಉದರವೇ ಇದೆ. ನಾವು ಬಾಲವೆಂದು ಕರೆಯುವುದು ಈ ಉದರವನ್ನೇ. ಕಣ್ಣುಗಳು ಮೇಲ್ಭಾಗದಲ್ಲಿ ಕಪ್ಪು, ಕೆಳಭಾಗದಲ್ಲಿ ಹಸಿರು. ಪ್ರತಿ ಕಣ್ಣಿನ ಹಿಂದೆ, ತಲೆಯ ಮೇಲೆ, ಒಂದು ಪುಟ್ಟ ನೀಲಿ ಬೊಟ್ಟು ಇರುತ್ತದೆ. ಎದೆಭಾಗದ ಬೆನ್ನು ಕಪ್ಪು. ಅದರ ಮೇಲೆ ಉದ್ದಕ್ಕೆ ಎರಡು ಹಸಿರು ಪಟ್ಟೆಗಳಿದ್ದು ಪಕ್ಕಗಳೂ ಹಸಿರಾಗಿರುತ್ತವೆ. ಕೆಲವು ಗಂಡುಗಳಲ್ಲಿ ಈ ಹಸಿರು ನೀಲಿಗೆ ವಾಲುತ್ತದೆ. ಉದರದಲ್ಲಿ ಹತ್ತು ಖಂಡಗಳಿವೆ. ಮೇಲಿನಿಂದ ನೋಡಿದರೆ ಅವು ಕರ್ರಗೆ, ಲೋಹದ ಹೊಳಪಿನಿಂದ ಕೂಡಿ ಕಾಣುತ್ತವೆ. ಎಂಟನೆಯ ಖಂಡ ಮಾತ್ರ ಸುತ್ತಲೂ ಆಕಾಶನೀಲಿ. ಆ ನೀಲಿ ಒಂಬತ್ತನೆಯ ಖಂಡದ ಪಕ್ಕಗಳಿಗೂ ಸ್ವಲ್ಪ ಹರಿದಿರುತ್ತದೆ.

ರೆಕ್ಕೆಗಳು ಗಾಜಿನಂತೆ ಪಾರದರ್ಶಕ. ರೆಕ್ಕೆಯ ಮುಂಅಂಚಿನಲ್ಲಿ ತುದಿಯ ಹತ್ತಿರ ಬಣ್ಣದ ಒಂದು ಚಿಕ್ಕ ಚೌಕವಿರುವುದು ಈ ಗಣದ ಬಹುಪಾಲು ಕೀಟಗಳಲ್ಲಿ ಸಾಮಾನ್ಯ. ಗಂಡು ನೀಲಿಬಾಲದ ಮುಂರೆಕ್ಕೆಯಲ್ಲಿ ಆ ಚೌಕಕ್ಕೆ ಎರಡು ಬಣ್ಣ. ಒಳಭಾಗ ಕಪ್ಪು, ಹೊರಭಾಗ ಬಿಳಿಚು. ಭೂತಗನ್ನಡಿ ಇದ್ದವರು ಇದನ್ನು ಖಂಡಿತವಾಗಿ ನೋಡಬೇಕು.

ಇದರೊಡನೆ ಬೆರೆತು ಕಾಣಿಸಿಕೊಳ್ಳುವ ಎರಡು ಪ್ರಭೇದಗಳಿಂದ ಇದನ್ನು ಬೇರ್ಪಡಿಸಿ ನೋಡಲು ಕಲಿಯುವುದು ಒಳ್ಳೆಯದು. ಇಶ್ನೂರ ರುಬಿಲಿಯೊ ಎಂಬ ಸೋದರ ಪ್ರಭೇದದ ಗಂಡಿನ ಬಾಲತುದಿಯೂ ನೀಲಿಯೇ, ಆದರೆ ಉದರ ಅರಿಸಿನದಂತೆ ಹಳದಿ. ಹೊನ್ನಿನ ಹೆಸರು ನಿಜವಾಗಿ ಒಪ್ಪುವುದು ಅದಕ್ಕೆ. ಅಗ್ರಿಯೋಕ್ನೆಮಿಸ್ ಪಿಗ್ಮಿಯ ಎಂಬ ಇನ್ನೊಂದು ಪ್ರಭೇದ ಗಾತ್ರದಲ್ಲಿ ಇನ್ನೂ ಕುಳ್ಳು. ಅದರ ಗಂಡಿನ ಬಾಲತುದಿ ಇಟ್ಟಿಗೆಯ ಕೆಂಪು. ಗದ್ದೆಗಳಲ್ಲಿ ಭತ್ತದ ಜಿಗಿಹುಳುಗಳನ್ನು ಹಿಡಿದು ತಿನ್ನುವುದಕ್ಕೆ ಅದು ಹೆಸರಾಗಿದೆ.

ಹೆಣ್ಣಿನ ವಿಚಾರಕ್ಕೆ ಬಂದರೆ ಗುರುತಿಸುವ ಕೆಲಸ ಅಷ್ಟು ಸುಲಭವಲ್ಲ. ನೀಲಿಬಾಲದಲ್ಲಿ ಎರಡು ಬಗೆಯ ಹೆಣ್ಣುಗಳಿವೆ. ಒಂದು ಬಗೆಯದು ಥೇಟ್ ಗಂಡಿನಂತೆಯೇ: ಹಸಿರು ಪಟ್ಟೆ, ನೀಲಿ ಬಾಲತುದಿ, ಎಲ್ಲವೂ. ಇನ್ನೊಂದು ಬಗೆಯದಕ್ಕೆ ನೀಲಿಯೇ ಇಲ್ಲ. ಎಳೆಯದರಲ್ಲಿ ಇದರ ಎದೆಭಾಗ ಕಿತ್ತಳೆ ಬಣ್ಣದ್ದಾಗಿರುತ್ತದೆ. ಪ್ರಾಯಕ್ಕೆ ಬಂದಂತೆ ಆ ಕಿತ್ತಳೆ ಮಾಸಿ ಪಾಚಿಯ ಹಸಿರಿಗೋ ಕಂದಿಗೋ ತಿರುಗುತ್ತದೆ. ಹೀಗಾಗಿ ಒಂದೇ ಕೆರೆಯಂಚಿನಲ್ಲಿ ಕಿತ್ತಳೆ, ಮಾಸಲು ಹಸಿರು, ಕಪ್ಪು-ನೀಲಿ ಎಂಬ ಮೂರು ವೇಷಗಳನ್ನು ಕಂಡವರು ಮೂರು ಬೇರೆ ಪ್ರಭೇದಗಳೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಒಂದೇ ಜೀವಿಗೆ ಇಷ್ಟು ವೇಷಗಳೇಕೆ ಎಂಬುದಕ್ಕೆ ಮುಂದೆ ಬರೋಣ.

ನೀರೊಳಗಿನ ಬಾಳು

ರೆಕ್ಕೆ ಬಂದ ನೀಲಿಬಾಲದ ಆಯುಷ್ಯ ಚಿಕ್ಕದು. ಅದರ ಬಾಳಿನ ಮೊದಲ ಅಂಕ ನಡೆಯುವುದು ನೀರಿನಲ್ಲಿ. ಹೆಣ್ಣು ಮೊಟ್ಟೆಗಳನ್ನು ನೀರಿಗೆ ಉದುರಿಸುವುದಿಲ್ಲ. ಉದರದ ತುದಿಯಲ್ಲಿರುವ ಚೂಪಾದ ಅಂಗದಿಂದ ನೀರುಗಿಡದ ಕಾಂಡವನ್ನೋ ತೇಲುವ ಎಲೆಯನ್ನೋ ಸೀಳಿ, ಒಂದೊಂದೇ ಮೊಟ್ಟೆಯನ್ನು ಆ ಗಿಡದ ಮಾಂಸದೊಳಗೆ ಹುದುಗಿಸುತ್ತದೆ. ಬೆಚ್ಚಗಿನ ಹವೆಯಲ್ಲಿ ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಮರಿ ನೀರಿಗಿಳಿಯುತ್ತದೆ.

ಮರಿಗೂ ತಾಯಿಗೂ ಹೋಲಿಕೆ ಕಡಮೆ. ಮರಿ ಹಸಿರು ಅಥವಾ ಕಂದು ಬಣ್ಣದ, ತೆಳ್ಳನೆಯ, ಆರು ಕಾಲುಗಳ ಜೀವಿ. ಅದರ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳು ಬೀಸಣಿಗೆಯಂತೆ ಹರಡಿರುತ್ತವೆ. ಉಸಿರಾಟಕ್ಕೂ ಈಜಿಗೂ ಅವು ನೆರವಾಗುತ್ತವೆ. ಅದರ ಬಾಯಿಯ ರಚನೆಯಂತೂ ಅದ್ಭುತ. ಕೆಳತುಟಿ ಉದ್ದವಾಗಿ ಬೆಳೆದು, ಮೊಣಕೈ ಮಡಚಿದಂತೆ ಮಡಚಿಕೊಂಡು, ಗಲ್ಲದ ಕೆಳಗೆ ಅಡಗಿರುತ್ತದೆ. ಅದರ ತುದಿಯಲ್ಲಿ ಎರಡು ಕೊಕ್ಕೆಗಳಿವೆ. ನೀರುಗಿಡದ ಮೇಲೆ ಮಿಸುಕದೆ ಕುಳಿತ ಮರಿಯ ಮುಂದೆ ಸೊಳ್ಳೆಯ ಮರಿಯೋ ನೀರುಚಿಗಟವೋ ಸುಳಿದರೆ ಆ ತುಟಿ ಕ್ಷಣಾರ್ಧದಲ್ಲಿ ಚಾಚಿ ಬೇಟೆಯನ್ನು ಕಚ್ಚಿ ಬಾಯಿಗೆಳೆದುಕೊಳ್ಳುತ್ತದೆ.

ಹಲವು ಬಾರಿ ಪೊರೆ ಕಳಚಿ ಬೆಳೆದ ಮರಿ ಕೊನೆಗೊಮ್ಮೆ ನೀರಿನಿಂದ ಮೇಲೆದ್ದಿರುವ ಹುಲ್ಲಿನ ಕಡ್ಡಿಯನ್ನು ಹಿಡಿದು ಮೇಲೇರುತ್ತದೆ. ಇದರಲ್ಲಿ ಗೂಡು ಕಟ್ಟಿ ಮಲಗುವ ಕೋಶಾವಸ್ಥೆ ಇಲ್ಲ. ಕಡ್ಡಿಯ ಮೇಲೆಯೇ ಬೆನ್ನು ಬಿರಿದು ರೆಕ್ಕೆಯ ಕೀಟ ಹೊರಬರುತ್ತದೆ. ಆಗ ಅದರ ಮೈ ಮೆತ್ತಗಿದ್ದು ರೆಕ್ಕೆ ಮುದುಡಿರುತ್ತದೆ. ಜೇಡ, ಇರುವೆ, ಹಕ್ಕಿಗಳಿಗೆ ಇದಕ್ಕಿಂತ ಸುಲಭವಾದ ತುತ್ತು ಬೇರೊಂದಿಲ್ಲ. ದಾಟಿ ಉಳಿದವು ನೀರಂಚಿನಿಂದ ತುಸು ದೂರದ ಹುಲ್ಲಿಗೆ ಹೋಗಿ ಕೆಲದಿನ ಕಳೆದು, ಬಣ್ಣ ಮಾಗಿದ ಮೇಲೆ ನೀರಿನ ಬಳಿಗೆ ಮರಳುತ್ತವೆ.

ಮೊಟ್ಟೆಯಿಡಲು ಕಾಂಡ, ಮರಿ ಅಡಗಲು ಗಿಡದ ಬುಡ, ಹೊರಬರಲು ಕಡ್ಡಿ, ಎಳೆಯ ಕೀಟ ಮಾಗಲು ಆಚೆಯ ಹುಲ್ಲು, ಇವು ನಾಲ್ಕೂ ಸಿಗುವುದು ನೀರು ನೆಲವನ್ನು ಸಂಧಿಸುವ ಆ ಇಳಿಜಾರಿನ ಪಟ್ಟಿಯಲ್ಲಿ ಮಾತ್ರ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಬೆಳಗಿನ ಮಿಲನ, ಮಧ್ಯಾಹ್ನದ ಮೊಟ್ಟೆ

ರೆಕ್ಕೆ ಬಂದ ನೀಲಿಬಾಲ ಕೆರೆಯ ನಡುವೆ ಹಾರಾಡುವುದಿಲ್ಲ. ಹುಲ್ಲಿನ ಎತ್ತರವನ್ನು ಮೀರದೆ, ಎಸಳಿನಿಂದ ಎಸಳಿಗೆ ನುಸುಳುತ್ತ, ಎಲೆಗಳ ಮೇಲೆ ಕುಳಿತ ನುಸಿ ಮತ್ತು ಸಣ್ಣ ನೊಣಗಳನ್ನು ಹೆಕ್ಕಿ ತಿನ್ನುತ್ತದೆ. ಸಿಕ್ಕರೆ ತನಗಿಂತ ಚಿಕ್ಕ ಡ್ಯಾಮ್ಸೆಲ್‌ಫ್ಲೈಗಳನ್ನೂ ಬಿಡದು. ಇದನ್ನು ಹಿಡಿಯುವ ದೊಡ್ಡಣ್ಣನೂ ಅಲ್ಲಿಯೇ ಇರುತ್ತಾನೆ. ಹಸಿರು-ಕಪ್ಪು ಪಟ್ಟೆಗಳ ಆರ್ಥೆಟ್ರಮ್ ಸಬೀನ ಎಂಬ ಏರೋಪ್ಲೇನ್ ಚಿಟ್ಟೆ ತನ್ನ ಗಣದವರನ್ನೇ ಬೇಟೆಯಾಡುವುದರಲ್ಲಿ ಕುಪ್ರಸಿದ್ಧ.

ಈ ಪ್ರಭೇದದ ಮಿಲನಕ್ರಮವನ್ನು ಜಪಾನಿನ ವಿಜ್ಞಾನಿಗಳು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ಮಿಲನ ಮುಂಜಾನೆಯೇ ಆರಂಭವಾಗುತ್ತದೆ. ಗಂಡು ತನ್ನ ಬಾಲತುದಿಯ ಚಿಮುಟದಂಥ ಅಂಗಗಳಿಂದ ಹೆಣ್ಣಿನ ಕುತ್ತಿಗೆಯ ಹಿಂಭಾಗವನ್ನು ಹಿಡಿಯುತ್ತದೆ. ಹೆಣ್ಣು ತನ್ನ ಉದರವನ್ನು ಮುಂದಕ್ಕೆ ಬಾಗಿಸಿ ಗಂಡಿನ ಎದೆಯ ಹಿಂದಿರುವ ಎರಡನೆಯ ಖಂಡಕ್ಕೆ ತಾಗಿಸುತ್ತದೆ. ಗಂಡಿನ ವೀರ್ಯ ಹೊರಬರುವುದು ಒಂಬತ್ತನೆಯ ಖಂಡದಲ್ಲಿ. ಅದನ್ನು ಮೊದಲೇ ಎರಡನೆಯ ಖಂಡದಲ್ಲಿರುವ ಅಂಗಕ್ಕೆ ಸಾಗಿಸಿಟ್ಟುಕೊಂಡಿರುತ್ತದೆ. ಕೀಟಪ್ರಪಂಚದಲ್ಲಿ ಈ ಏರ್ಪಾಡು ಓಡೊನೇಟಗಳಿಗೆ ಮಾತ್ರ ವಿಶಿಷ್ಟವಾದುದು. ಹೀಗೆ ಬೆಸೆದ ಜೋಡಿ ಹುಲ್ಲಿನ ಮೇಲೆ ಒಂದು ಚಕ್ರದಂತೆ ಕಾಣುತ್ತದೆ.

ಈ ಚಕ್ರ ಗಂಟೆಗಟ್ಟಲೆ ಬಿಚ್ಚಿಕೊಳ್ಳುವುದಿಲ್ಲ. ಇದಕ್ಕೆ ಕಾರಣವನ್ನು ತಿಳಿಯಲು 1979ರ ಒಂದು ಸಂಶೋಧನೆ ನೆರವಾಯಿತು. ಅಮೆರಿಕದ ಜೆ. ಕೆ. ವಾಗೆ ಎಂಬವರು ಬೇರೊಂದು ಡ್ಯಾಮ್ಸೆಲ್‌ಫ್ಲೈಯಲ್ಲಿ ಗಂಡು ತನ್ನ ವೀರ್ಯವನ್ನು ಕೊಡುವುದಕ್ಕೆ ಮುನ್ನ, ಹೆಣ್ಣಿನ ದೇಹದಲ್ಲಿ ಹಿಂದಿನ ಗಂಡು ಬಿಟ್ಟುಹೋದ ವೀರ್ಯವನ್ನು ಹೊರಗೆ ಕೆರೆದು ತೆಗೆಯುತ್ತದೆಂದು ತೋರಿಸಿದರು. ಎಂದರೆ ಕೊನೆಯಲ್ಲಿ ಕೂಡಿದ ಗಂಡೇ ಬಹುಪಾಲು ಮೊಟ್ಟೆಗಳ ತಂದೆ. ಅನೇಕ ಪ್ರಭೇದಗಳಲ್ಲಿ ಗಂಡು ಇದಕ್ಕಾಗಿಯೇ ಹೆಣ್ಣು ಮೊಟ್ಟೆಯಿಡುವವರೆಗೂ ಜೊತೆಗಿದ್ದು ಕಾವಲು ಕಾಯುತ್ತದೆ. ನೀಲಿಬಾಲದ ಗಂಡು ಕಾವಲು ಕಾಯುವುದಿಲ್ಲ. ಅದರ ಬದಲಿಗೆ ಮಿಲನವನ್ನೇ ಮೊಟ್ಟೆಯಿಡುವ ಹೊತ್ತಿನವರೆಗೆ ಎಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಡುಗಡೆಯಾದ ಹೆಣ್ಣು ಒಂಟಿಯಾಗಿ ನೀರಂಚಿಗೆ ಬಂದು ಮೊಟ್ಟೆಯಿಡುತ್ತದೆ.

ಎರಡು ಬಗೆಯ ಹೆಣ್ಣುಗಳ ಗುಟ್ಟೂ ಇಲ್ಲಿಗೇ ಸಂಬಂಧಿಸಿದ್ದು. ಗಂಡುಗಳು ಹೆಣ್ಣನ್ನು ಹುಡುಕುತ್ತ ದಿನವಿಡೀ ಕಾಡುತ್ತವೆ. ಆಗಲೇ ಕೂಡಿದ ಹೆಣ್ಣಿಗೆ ಈ ಕಾಟದಿಂದ ನಷ್ಟವೇ ಹೊರತು ಲಾಭವಿಲ್ಲ. ಅದಕ್ಕೆ ಆಹಾರ ಹುಡುಕಲೂ ಮೊಟ್ಟೆಯಿಡಲೂ ಸಮಯ ಸಾಲದು. ಜಪಾನಿನ ಪ್ರಯೋಗಗಳಲ್ಲಿ ಕಂಡುಬಂದದ್ದೇನೆಂದರೆ, ಗಂಡಿಗೆ ಇಂಥದೇ ಬಣ್ಣದ ಹೆಣ್ಣು ಬೇಕೆಂಬ ಹುಟ್ಟುಗುಣ ಗಟ್ಟಿಯಾಗಿಲ್ಲ. ಅನುಭವದಿಂದ, ತನ್ನ ಸುತ್ತ ಯಾವ ಬಗೆಯ ಹೆಣ್ಣು ಹೆಚ್ಚಾಗಿದೆಯೋ ಅದನ್ನು ಗುರುತಿಸಲು ಅದು ಕಲಿಯುತ್ತದೆ. ಆದುದರಿಂದ ಸಂಖ್ಯೆಯಲ್ಲಿ ಹೆಚ್ಚಿರುವ ಬಗೆಗೆ ಕಾಟ ಹೆಚ್ಚು, ವಿರಳವಾದ ಬಗೆಗೆ ನೆಮ್ಮದಿ ಹೆಚ್ಚು. ನೆಮ್ಮದಿಯಿದ್ದ ಬಗೆ ಹೆಚ್ಚು ಮೊಟ್ಟೆಯಿಟ್ಟು ಕ್ರಮೇಣ ಸಂಖ್ಯೆಯಲ್ಲಿ ಮೇಲೇರುತ್ತದೆ, ಆಗ ಕಾಟ ಅದರ ಕಡೆಗೆ ತಿರುಗುತ್ತದೆ. ಹೀಗೆ ತಕ್ಕಡಿ ಅತ್ತ ಇತ್ತ ತೂಗುತ್ತ ಎರಡೂ ಬಗೆಗಳು ಉಳಿದುಕೊಂಡು ಬಂದಿವೆ. ಎಳೆಯ ಹೆಣ್ಣಿನ ಕಿತ್ತಳೆ ಬಣ್ಣಕ್ಕೂ ಅರ್ಥವಿದೆ. ತಾನಿನ್ನೂ ಮಿಲನಕ್ಕೆ ಸಿದ್ಧಳಲ್ಲ ಎಂಬುದನ್ನು ಅದು ಸಾರುತ್ತದೆ, ಗಂಡುಗಳು ಅದನ್ನು ಬಹುಮಟ್ಟಿಗೆ ಮನ್ನಿಸುತ್ತವೆ.

ಕೊಳಕು ನೀರು ಮತ್ತು ಕಲ್ಲಿನ ಅಂಚು

ಏರೋಪ್ಲೇನ್ ಚಿಟ್ಟೆ ಹಾರಿದಲ್ಲಿ ನೀರು ಶುದ್ಧವಾಗಿರುತ್ತದೆ ಎಂಬ ಮಾತು ಶಾಲಾ ಪುಸ್ತಕಗಳಿಂದ ಹಿಡಿದು ಭಾಷಣಗಳವರೆಗೆ ಕೇಳಿಬರುತ್ತದೆ. ಈ ಮಾತು ಅರ್ಧಸತ್ಯ. ಪಶ್ಚಿಮ ಘಟ್ಟದ ಕಾಡುತೊರೆಗಳಲ್ಲಿ ಬದುಕುವ ಯೂಫಿಯ, ಪ್ರೋಟೋಸ್ಟಿಕ್ಟದಂಥ ಡ್ಯಾಮ್ಸೆಲ್‌ಫ್ಲೈಗಳಿಗೆ ನೆರಳು ಮತ್ತು ತಿಳಿಯಾದ ಹರಿವ ನೀರು ಇಲ್ಲದೆ ಬಾಳಿಲ್ಲ. ಅಂಥವು ಕಂಡಲ್ಲಿ ತೊರೆ ಆರೋಗ್ಯವಾಗಿದೆಯೆಂದು ಧೈರ್ಯವಾಗಿ ಹೇಳಬಹುದು. ನೀಲಿಬಾಲ ಅಂಥದಲ್ಲ. ನಿಂತ ನೀರು, ನಿಧಾನ ಹರಿವು, ಸ್ವಲ್ಪ ಉಪ್ಪು, ಒಂದು ಮಟ್ಟದ ಕೊಳಕು, ಎಲ್ಲವನ್ನೂ ಅದು ಸಹಿಸುತ್ತದೆ. ಆದುದರಿಂದ ಅದು ಕಾಣಿಸಿತೆಂದು ಯಾರೂ ಆ ನೀರನ್ನು ಕುಡಿಯಲು ಹೋಗಬಾರದು. ಸಹನೆಗೂ ಮಿತಿಯುಂಟು. ಆಮ್ಲಜನಕವೇ ಉಳಿಯದ ಕಪ್ಪು ಚರಂಡಿ ನೀರಿನಲ್ಲಿ ಇದರ ಮರಿಯೂ ಉಸಿರಾಡಲಾರದು.

ಇಷ್ಟು ಗಟ್ಟಿಜೀವಿಯ ಚಿಂತೆ ನಮಗೇಕೆ ಎಂದು ಕೇಳಬಹುದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯವಿಲ್ಲದ ಪ್ರಭೇದವೆಂದೇ ದಾಖಲಾಗಿದೆ. ಅದು ಸರಿ. ಈ ಕೀಟ ಜಗತ್ತಿನಿಂದ ಮರೆಯಾಗುವ ಭಯವಿಲ್ಲ. ಆದರೆ ಒಂದು ಕೆರೆಯಿಂದ, ಒಂದು ಬಡಾವಣೆಯಿಂದ ಅದು ಮರೆಯಾದರೆ ಅಲ್ಲಿ ಏನೋ ನಡೆದಿದೆಯೆಂದೇ ತಿಳಿಯಬೇಕು. ಇದು ಬೇಡುವುದು ಶುದ್ಧ ನೀರನ್ನಲ್ಲ, ಹುಲ್ಲು ಬೆಳೆದ ನೀರಂಚನ್ನು. ಆ ಅಂಚು ಹೋದರೆ ನೀರು ಎಷ್ಟೇ ತಿಳಿಯಾಗಿರಲಿ, ಮೊಟ್ಟೆಯಿಡಲು ಕಾಂಡವಿಲ್ಲ, ಮೇಲೇರಲು ಕಡ್ಡಿಯಿಲ್ಲ.

ಅಂಧೇರಿಯ ಸುತ್ತಮುತ್ತ ಆ ಅಂಚು ಹೇಗೆ ಹೋಗುತ್ತದೆಂಬುದಕ್ಕೆ ಮೀಠಿ ನದಿಯ ಕಥೆ ಸಾಕು. ವಿಹಾರ್ ಮತ್ತು ಪವಾಯಿ ಕೆರೆಗಳಿಂದ ಹೊರಬೀಳುವ ನೀರಿನಿಂದ ಹುಟ್ಟುವ ಈ ನದಿ ಆರೆ, ಮರೋಳ, ಕುರ್ಲಾಗಳನ್ನು ಹಾದು ಮಾಹಿಮ್ ಖಾರಿಯನ್ನು ಸೇರುತ್ತದೆ. ಉದ್ದ ಸುಮಾರು 18 ಕಿಲೋಮೀಟರ್. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ಉಕ್ಕಿ ಬಂದು ನೂರಾರು ಜನ ಪ್ರಾಣ ಕಳೆದುಕೊಂಡ ಆ ದಿನವನ್ನು ಮುಂಬಯಿ ಮರೆತಿಲ್ಲ. ಆ ವರ್ಷವೇ ನದಿಗಾಗಿ ಪ್ರತ್ಯೇಕ ಪ್ರಾಧಿಕಾರ ರಚನೆಯಾಯಿತು. ಪಾತ್ರವನ್ನು ಅಗಲಿಸಿ, ಆಳಗೊಳಿಸಿ, ದಂಡೆಗುಂಟ ತಡೆಗೋಡೆಗಳನ್ನು ಕಟ್ಟಲಾಯಿತು. ನೆರೆಯಿಂದ ಜನರನ್ನು ಕಾಪಾಡಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರಿನಿಂದ ನೇರವಾಗಿ ಮೇಲೆದ್ದ ಕಾಂಕ್ರೀಟು ಗೋಡೆಯ ಮೇಲೆ ಜೊಂಡು ಬೆಳೆಯುವುದಿಲ್ಲ. ನದಿಯ ನೀರು ಮುಂದೊಂದು ದಿನ ತಿಳಿಯಾದರೂ ಗೋಡೆಯಿರುವಷ್ಟು ಉದ್ದಕ್ಕೆ ನೀಲಿಬಾಲಕ್ಕೆ ಅಲ್ಲಿ ನೆಲೆಯಿಲ್ಲ.

ನದಿಗಾದರೂ ನೆರೆಯ ಕಾರಣವುಂಟು. ಉಕ್ಕಿ ಹರಿಯದ ಸಣ್ಣ ಕೆರೆಗಳಿಗೂ ಅಂದಗೊಳಿಸುವ ಹೆಸರಿನಲ್ಲಿ ಸುತ್ತಲೂ ಕಲ್ಲು ಕಟ್ಟಿ, ಹುಲ್ಲು ಕಿತ್ತು, ನಡೆದಾಡಲು ಹಾಸುಗಲ್ಲಿನ ದಾರಿ ಮಾಡುವ ಪದ್ಧತಿ ನಮ್ಮ ಎಲ್ಲ ನಗರಗಳಲ್ಲಿ ಬೆಳೆದಿದೆ. ಬೆಂಗಳೂರು, ಮೈಸೂರುಗಳೂ ಇದಕ್ಕೆ ಹೊರತಲ್ಲ. ಇದು ಅನಗತ್ಯವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ದಂಡೆಯ ಒಂದು ಬದಿಯನ್ನಾದರೂ ಮಣ್ಣಿನ ಇಳಿಜಾರಾಗಿ ಬಿಟ್ಟು, ಅಲ್ಲಿ ಜೊಂಡನ್ನೂ ಹುಲ್ಲನ್ನೂ ಬೆಳೆಯಗೊಟ್ಟರೆ ನಡೆದಾಡುವವರಿಗೂ ತೊಂದರೆಯಿಲ್ಲ, ಕೀಟಕ್ಕೂ ಉಳಿವುಂಟು.

ಕಾನೂನಿನ ರಕ್ಷಣೆಯ ವಿಚಾರವನ್ನೂ ಸ್ಪಷ್ಟವಾಗಿ ತಿಳಿದಿರುವುದು ಒಳ್ಳೆಯದು. ಕೇಂದ್ರ ಸರ್ಕಾರದ 2017ರ ಜೌಗುಭೂಮಿ ಸಂರಕ್ಷಣೆ ಮತ್ತು ನಿರ್ವಹಣಾ ನಿಯಮಗಳು ಜೌಗುಭೂಮಿಗಳನ್ನು ತುಂಬಿಸುವುದನ್ನೂ ಒತ್ತುವರಿಯನ್ನೂ ನಿಷೇಧಿಸುತ್ತವೆ. ಆದರೆ ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿ ಕಟ್ಟಿದ ಕೆರೆ, ಉಪ್ಪಿನ ಗದ್ದೆ ಮುಂತಾದವು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಕಡಲಂಚಿನ ಕಾಂಡ್ಲಾವನಗಳಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಆಸರೆ ಬೇರೆಯಾಗಿ ಇದೆ. ಕಟ್ಟಡಗಳ ಸಂದಿಯ ಮಳೆಹೊಂಡ, ರಸ್ತೆಬದಿಯ ಜೌಗು, ಹಳೆಯ ಗದ್ದೆಯ ತುಣುಕು, ಇಂಥವನ್ನು ನಕಾಶೆಗಳು ಗುರುತಿಸುವುದೂ ಅಪರೂಪ. ನೀಲಿಬಾಲ ಹೆಚ್ಚಾಗಿ ಬಾಳುವುದು ಇಂಥ ಕಡೆಗಳಲ್ಲೇ.

ಸೊಳ್ಳೆಯ ಪ್ರಶ್ನೆ

ನೀರಂಚಿನಲ್ಲಿ ಹುಲ್ಲು ಬೆಳೆಯಲು ಬಿಟ್ಟರೆ ಸೊಳ್ಳೆ ಹೆಚ್ಚುವುದಿಲ್ಲವೇ ಎಂಬುದು ನಗರವಾಸಿಗಳ ಸಹಜವಾದ ಆತಂಕ. ಇದಕ್ಕೆ ಪ್ರತಿಯಾಗಿ, ಡ್ಯಾಮ್ಸೆಲ್‌ಫ್ಲೈಗಳಿದ್ದರೆ ಡೆಂಗಿ, ಮಲೇರಿಯಗಳೇ ಇರುವುದಿಲ್ಲವೆಂದು ವಾದಿಸುವವರೂ ಇದ್ದಾರೆ. ಎರಡೂ ಅತಿಯ ಮಾತುಗಳು. ನೀಲಿಬಾಲದ ಮರಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ ಎಂಬುದು ನಿಜ. ಆದರೆ ನಗರದಲ್ಲಿ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹೂಕುಂಡದ ತಟ್ಟೆ, ಹಳೆಯ ಟೈರು, ಡ್ರಮ್ಮುಗಳಲ್ಲಿ ಮೊಟ್ಟೆಯಿಡುತ್ತದೆ. ನಗರ ಮಲೇರಿಯಕ್ಕೆ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿ ತಾರಸಿಯ ನೀರಿನ ಟ್ಯಾಂಕುಗಳನ್ನೂ ಬಾವಿಗಳನ್ನೂ ಇಷ್ಟಪಡುತ್ತದೆ. ನೀಲಿಬಾಲ ಅಲ್ಲಿಗೆ ಹೋಗುವುದೇ ಇಲ್ಲ. ಟ್ಯಾಂಕಿಗೆ ಮುಚ್ಚಳ ಹಾಕುವ ಕೆಲಸವನ್ನು ಕೀಟಕ್ಕೆ ವಹಿಸಲಾಗದು.

ಮ್ಯಾನ್ಮಾರಿನ ಯಾಂಗೂನಿನಲ್ಲಿ ಈ ದಿಕ್ಕಿನಲ್ಲಿ ಒಂದು ಪ್ರಯೋಗ ನಡೆದು, 1990ರಲ್ಲಿ ಅದರ ವರದಿ ಪ್ರಕಟವಾಯಿತು. ಕ್ರೋಕೋಥೆಮಿಸ್ ಸರ್ವಿಲಿಯ ಎಂಬ ಕೆಂಪು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು, ಊರವರ ಸಹಕಾರದಿಂದ, ಮನೆಗಳ ನೀರಿನ ಪಾತ್ರೆಗಳಿಗೆ ಬಿಡಲಾಗಿತ್ತು. ಈಡಿಸ್ ಸೊಳ್ಳೆಗಳು ಗಣನೀಯವಾಗಿ ಕಡಮೆಯಾದವು. ಅಲ್ಲಿ ಕೆಲಸ ಮಾಡಿದ್ದು ದೊಡ್ಡ ಗಾತ್ರದ ಮರಿಗಳು, ಅವನ್ನು ಮತ್ತೆ ಮತ್ತೆ ತಂದು ಬಿಟ್ಟವರು ಮನುಷ್ಯರು. ತಾನಾಗಿ ಆಗುವ ಪವಾಡವಲ್ಲ ಅದು.

ಇನ್ನೊಂದು ಮಾತು. ಸೊಳ್ಳೆಗೆಂದು ಕೆರೆಗಳಿಗೆ ಬಿಡುವ ಗಂಬೂಸಿಯ ಮೀನು ಸೊಳ್ಳೆಯ ಮರಿಯನ್ನು ಮಾತ್ರ ಆರಿಸಿ ತಿನ್ನುವುದಿಲ್ಲ. ಡ್ಯಾಮ್ಸೆಲ್‌ಫ್ಲೈಯ ಮರಿಗಳೂ ಅದಕ್ಕೆ ಆಹಾರವೇ. ನೀರಿನ ಮೇಲೆ ಸಿಂಪಡಿಸುವ ಕೀಟನಾಶಕವೂ ಸೊಳ್ಳೆಯೆಂದು, ನೀಲಿಬಾಲವೆಂದು ಭೇದ ಮಾಡುವುದಿಲ್ಲ.

ನೋಡುವ ಬಗೆ

ನೀಲಿಬಾಲವನ್ನು ನೋಡಲು ದುಬಾರಿ ಸಲಕರಣೆ ಬೇಕಾಗಿಲ್ಲ. ಮಳೆ ಇಳಿಮುಖವಾಗುವ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಕಾಲ ಮುಂಬಯಿಯಲ್ಲಿ ಇದಕ್ಕೆ ಬಹಳ ಅನುಕೂಲ. ಹುಲ್ಲಿನ ದಂಡೆಯಿರುವ ಯಾವುದೇ ಕೆರೆ, ಹೊಂಡ ಅಥವಾ ನಿಧಾನವಾಗಿ ಹರಿವ ನಾಲೆಯ ಬಳಿ ಹುಡುಕಬಹುದು. ನಿಂತು ನೋಡಿದರೆ ಕಾಣುವುದು ಕಷ್ಟ. ನೀರಿನಿಂದ ಒಂದೆರಡು ಹೆಜ್ಜೆ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹುಲ್ಲಿನ ನಡುಮಟ್ಟಕ್ಕೆ ಕಣ್ಣಿಟ್ಟು ಐದು ನಿಮಿಷ ಅಲ್ಲಾಡದಿರಬೇಕು. ನೆರಳು ಅದರ ಮೇಲೆ ಬಿದ್ದರೆ ಎಸಳಿನ ಹಿಂಬದಿಗೆ ಸರಿದುಕೊಳ್ಳುತ್ತದೆ. ಆಗಲೂ ಎಸಳಿನ ಎರಡು ಪಕ್ಕಗಳಲ್ಲಿ ಅದರ ಎರಡು ಕಣ್ಣುಗಳು ಇಣುಕುತ್ತಿರುವುದನ್ನು ಕಾಣಬಹುದು.

ಮಕ್ಕಳನ್ನು ಕರೆದೊಯ್ಯುವವರು ಹಿಡಿಯುವುದಕ್ಕಿಂತ ಎಣಿಸುವುದನ್ನು ಕಲಿಸಿದರೆ ಲೇಸು. ರೆಕ್ಕೆ ಒಮ್ಮೆ ಮುರಿದರೆ ಮತ್ತೆ ಬೆಳೆಯುವುದಿಲ್ಲ. ಎಷ್ಟು ಗಂಡು, ಗಂಡಿನಂಥ ಹೆಣ್ಣು ಎಷ್ಟು, ಮಾಸಲು ಹೆಣ್ಣು ಎಷ್ಟು, ಕಿತ್ತಳೆ ಎಷ್ಟು ಎಂದು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬಹುದು. ಗಂಡನ್ನೂ ಗಂಡಿನಂಥ ಹೆಣ್ಣನ್ನೂ ಬೇರ್ಪಡಿಸಲು ಬಾಲದ ಕೊನೆಯನ್ನು ನೋಡಬೇಕು. ಹೆಣ್ಣಿನ ತುದಿ ಕೆಳಭಾಗದಲ್ಲಿ ಉಬ್ಬಿದ್ದು, ಮೊಟ್ಟೆಯಿಡುವ ಅಂಗ ಅಲ್ಲಿರುತ್ತದೆ. ಕೆಲವು ಕೀಟಗಳ ಎದೆಯಡಿಯಲ್ಲಿ ಸಣ್ಣ ಕೆಂಪು ಮಣಿಗಳು ಅಂಟಿರುತ್ತವೆ. ಅವು ಮೊಟ್ಟೆಗಳಲ್ಲ, ರಕ್ತ ಹೀರುವ ನೀರುನುಸಿಯ ಮರಿಗಳು.

ಬೆಳಗ್ಗೆ ಎಂಟರ ಸುಮಾರಿಗೆ ಹೋದರೆ ಚಕ್ರದಂತೆ ಬೆಸೆದ ಜೋಡಿಗಳು ಕಾಣಸಿಗಬಹುದು. ಮೊಟ್ಟೆಯಿಡುವ ಹೆಣ್ಣನ್ನು ನೋಡಬೇಕಾದರೆ ಊಟ ಮುಗಿಸಿ, ಬಿಸಿಲು ಇಳಿಯುವ ಮುನ್ನ ಮತ್ತೊಮ್ಮೆ ಬರಬೇಕು. ಸಂಜೆ ಕಡಲಗಾಳಿ ಜೋರಾದೊಡನೆ ಅವು ಹುಲ್ಲಿನ ಬುಡಕ್ಕಿಳಿದು ಸುಮ್ಮನಾಗುತ್ತವೆ. ಆಮೇಲೆ ಎಷ್ಟು ಹುಡುಕಿದರೂ ಒಂದೂ ಸಿಗುವುದಿಲ್ಲ.